ಸ್ವಲ್ಪ ಆ ಕಡೆ ನಿಲ್ಲಮ್ಮ

"ಪ್ಲೀಸ್, ನಾನೇನು ತಪ್ಪು ಮಾಡಿದೆ?"

ಶನಿವಾರದಿಂದ ಈ ಮಾತು ತಲೆಯಿಂದ ಹೋಗುತ್ತಿಲ್ಲ. ಕೇಳಿದ್ದು 11-12 ವರ್ಷದ ಒಬ್ಬಳು ಹುಡುಗಿ. ಘಾನಾದ ವೆಂಚಿ ಪಟ್ಟಣದಿಂದ ಮುಕ್ಕಾಲು ಗಂಟೆ ಒಳಗೆ ಹೋದರೆ ಸಿಗುವ ಗೇರುತೋಟ ಅದು. ಮಂಗಳೂರಿನ ಫ್ಯಾಕ್ಟರಿಗೆ ಕಚ್ಚಾ ಗೇರುಬೀಜ ಖರೀದಿ ಮಾಡುವುದು ನನ್ನ ಕೆಲಸ. ಈಗ ಇಲ್ಲಿ ಸೀಸನ್. ಈ ಸಲ ಆಫೀಸಿನವರು ತೋಟದಲ್ಲಿ ಕೆಲಸ ಮಾಡುವವರ ಫೋಟೋನೂ ಕೇಳಿದ್ದರು, ಯುರೋಪಿನ ಗಿರಾಕಿಗಳಿಗೆ ತೋರಿಸಲಿಕ್ಕೆ. ಕೊನೆಗೆ ಒಂದು ಸಾಲು ಸೇರಿಸಿದ್ದರು: 18ಕ್ಕಿಂತ ಚಿಕ್ಕವರ ಹಾಗೆ ಕಾಣುವ ಯಾರೂ ಫೋಟೋದಲ್ಲಿ ಇರಬಾರದು.

ಮರದ ಕೆಳಗೆ ತಾಯಿ ಸಣ್ಣ ಸ್ಟೂಲಿನ ಮೇಲೆ ಕೂತು ಹಣ್ಣು ತಿರುಚಿ ಬೀಜ ಬೇರೆ ಮಾಡುತ್ತಿದ್ದಳು. ಎದುರಿಗೆ ಮಗಳು. ಇಬ್ಬರ ಮಧ್ಯೆ ಒಂದೇ ಬೋಗುಣಿ. ಎಲೆಗಳ ಸಂದಿಯಿಂದ ಬೆಳಗಿನ ಬಿಸಿಲು ಬೀಳುತ್ತಿತ್ತು, ತುಂಬಾ ಚೆನ್ನಾಗಿತ್ತು. ನಾನು ಕ್ಯಾಮೆರಾ ಎತ್ತಿದೆ. "ಸ್ವಲ್ಪ ಆ ಕಡೆ ನಿಲ್ಲಮ್ಮ" ಅಂದೆ. ಎದ್ದು ಎರಡು ಹೆಜ್ಜೆ ಸರಿದಳು. ಇನ್ನೂ ಸ್ವಲ್ಪ ಅಂದೆ. ಇನ್ನೂ ಸರಿದಳು. ಆಮೇಲೆ ಕೇಳಿದಳು. ಇಲ್ಲಿನ ಮಕ್ಕಳು ದೊಡ್ಡವರ ಹತ್ತಿರ ಏನು ಹೇಳುವುದಿದ್ದರೂ ಮೊದಲು ಪ್ಲೀಸ್ ಅನ್ನುತ್ತಾರೆ.

"ಏನಿಲ್ಲ, ಏನಿಲ್ಲ" ಅಂದೆ. ಬೇರೆ ಉತ್ತರ ಬರಲಿಲ್ಲ. ಬೋಗುಣಿಯಲ್ಲಿದ್ದ ಬೀಜದಲ್ಲಿ ಅರ್ಧ ಅವಳೇ ಹೆಕ್ಕಿದ್ದು.

ನಮ್ಮ ಏಜೆಂಟ್ ತಾಯಿಗೆ ಟ್ವಿ ಭಾಷೆಯಲ್ಲಿ ಏನೋ ಹೇಳಿದ. ಅವಳು ನಕ್ಕಳು. "ಬಿಡಿ ಬಾಸ್, ಇದೆಲ್ಲ ಇವರಿಗೆ ಅಭ್ಯಾಸ" ಅಂದ ನನಗೆ. ಅವನು ಒಳ್ಳೆಯವನು, ತೂಕದಲ್ಲಿ ಯಾರಿಗೂ ಮೋಸ ಮಾಡುವವನಲ್ಲ. ಆದರೆ ಆ ಮಾತು ನನಗೆ ಹಿಡಿಸಲಿಲ್ಲ.

ಆ ನಿಯಮ ಎಲ್ಲಿಂದ ಬಂತು ಅಂತ ನನಗೆ ಗೊತ್ತು. ಕೋಕೋ ತೋಟದ ಮಕ್ಕಳನ್ನು ಕಾಪಾಡುತ್ತೇವೆ ಅಂತ ದೊಡ್ಡ ಚಾಕೊಲೇಟ್ ಕಂಪನಿಗಳು 2001ರಲ್ಲಿ ಸಹಿ ಹಾಕಿದವು. 2020ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದವರ ಅಧ್ಯಯನ ಬಂತು. ಘಾನಾ ಮತ್ತು ಐವರಿ ಕೋಸ್ಟ್‌ನ ಕೋಕೋ ಊರುಗಳಲ್ಲಿ ಇನ್ನೂ ಸುಮಾರು 15 ಲಕ್ಷ 60 ಸಾವಿರ ಮಕ್ಕಳು ದುಡಿಯುತ್ತಿದ್ದರು. ಉದ್ದ ಕತ್ತಿಯಿಂದ ಕಾಯಿ ಒಡೆಯುವುದು, ತಲೆಯ ಮೇಲೆ ಭಾರ ಹೊರುವುದು, ಔಷಧಿ ಹೊಡೆಯುವ ಜಾಗದಲ್ಲೇ ಇರುವುದು. ಇದರಲ್ಲಿ ಸುಳ್ಳಿಲ್ಲ. ಹಾಗಾಗಿ ಗಿರಾಕಿಗಳು ಕೇಳುವುದು ತಪ್ಪು ಅಂತ ನಾನು ಹೇಳುವುದಿಲ್ಲ. ಕೇಳಲೇಬೇಕು. ಆದರೆ ನಮ್ಮವರು ಕೇಳಿದ್ದು ತೋಟದಲ್ಲಿ ಮಕ್ಕಳು ಇದ್ದಾರಾ ಅಂತ ಅಲ್ಲ, ಫೋಟೋದಲ್ಲಿ ಇರಬಾರದು ಅಂತ ಮಾತ್ರ. ಅದನ್ನು ಮಾಡಿಕೊಟ್ಟವನು ನಾನು.

ಬಂಟ್ವಾಳದ ಹತ್ತಿರ ನಮ್ಮ ಅಜ್ಜಿಗೂ ಒಂದು ಗೇರುಗುಡ್ಡೆ ಇತ್ತು. ಬೇಸಿಗೆ ರಜೆಯಲ್ಲಿ ನಾವು ಮೊಮ್ಮಕ್ಕಳೇ ಬೀಜ ಹೆಕ್ಕುತ್ತಿದ್ದೆವು. ಸೊನೆ ತಾಗಿ ಬೆರಳ ಸಂದಿ ಸುಟ್ಟು ಚರ್ಮ ಏಳುತ್ತಿತ್ತು. ಅಜ್ಜಿ ಕೊಟ್ಟ ದುಡ್ಡಿನಲ್ಲಿ ಐಸ್‌ಕ್ಯಾಂಡಿ. ಆಗ ಯಾರಾದರೂ ಬಂದು ಅಜ್ಜಿಯ ಫೋಟೋ ತೆಗೆಯಬೇಕು, ನೀನು ಪಕ್ಕಕ್ಕೆ ಹೋಗು ಅಂದಿದ್ದರೆ? ನಾನೂ ಅದನ್ನೇ ಕೇಳುತ್ತಿದ್ದೆ. ಈ ಹುಡುಗಿಗೆ ಅವತ್ತು ಶನಿವಾರದ ರಜೆ, ಸೋಮವಾರ ಶಾಲೆ. ಅಮ್ಮನ ಜೊತೆ ಕೂತಿದ್ದಳು, ಅಷ್ಟೇ ಅಲ್ವಾ?

ಆದರೆ ಅವತ್ತು ಅಲ್ಲಿ ಇನ್ನೊಬ್ಬ ಇದ್ದ.

14-15 ಇರಬಹುದು. ಹಸಿರು ಅಂಗಿ. ಬೀಜದ ಮೂಟೆ ತಲೆ ಮೇಲಿಟ್ಟುಕೊಂಡು ಬರುತ್ತಿದ್ದ. ನಾನು ಚೀಲದಿಂದ ಕ್ಯಾಮೆರಾ ತೆಗೆದದ್ದಷ್ಟೇ, ಮೂಟೆ ಇಳಿಸಿ ಸೀದಾ ಮರದ ಹಿಂದೆ ಹೋಗಿ ನಿಂತ. ಅವನಿಗೆ ಯಾರೂ ಆ ಕಡೆ ನಿಲ್ಲು ಅನ್ನಲಿಲ್ಲ. ಹುಡುಗಿ ಕೇಳಿದ್ದಕ್ಕಿಂತ ಜಾಸ್ತಿ ನನ್ನನ್ನು ಕಾಡುತ್ತಿರುವುದು ಇದು. ಅವಳು ಕೇಳಿದಳು, ಉತ್ತರ ಸಿಗುತ್ತದೆ ಅಂತ ಅವಳಿಗೆ ನಂಬಿಕೆ ಇತ್ತು. ಇವನು ಕೇಳಲೇ ಇಲ್ಲ. ಕ್ಯಾಮೆರಾ ಕಂಡರೆ ಮರೆಯಾಗಬೇಕು ಅಂತ ಇವನಿಗೆ ಯಾರು, ಎಷ್ಟು ಸಲ ಹೇಳಿಕೊಟ್ಟಿರಬೇಕು?

ಉತ್ತರದ ವಾ ಪಟ್ಟಣದ ಕಡೆಯಿಂದ ಸೀಸನ್ನಿಗೆ ಬಂದವನು ಅಂದ ಏಜೆಂಟ್. ಶಾಲೆ? ಅಂದೆ. ಅವನು ಫೋನ್ ನೋಡತೊಡಗಿದ. ನಾನೂ ಮತ್ತೆ ಕೇಳಲಿಲ್ಲ. ಕೇಳಬೇಕಿತ್ತು. ಈ ದೇಶದಲ್ಲಿ 1998ರಿಂದ ಕಾನೂನಿದೆ, ದುಡಿಮೆಗೆ 15 ತುಂಬಿರಬೇಕು, ಹಗುರ ಕೆಲಸಕ್ಕೆ 13. ಆ ಮೂಟೆ ಹಗುರವಲ್ಲ.

ಆಫೀಸಿನ ಫೋಟೋ ಆದ ಮೇಲೆ ಹುಡುಗಿಯನ್ನು ಕರೆದು ತಾಯಿಯ ಪಕ್ಕ ಕೂರಿಸಿ ಇನ್ನೊಂದು ತೆಗೆದೆ. ವೆಂಚಿಯಲ್ಲಿ ಪ್ರಿಂಟ್ ಹಾಕಿಸಿ ಬುಧವಾರ ಕೊಟ್ಟು ಬಂದೆ. ಹುಡುಗಿ ಶಾಲೆಗೆ ಹೋಗಿದ್ದಳು. ತಾಯಿ ಕೈಯನ್ನು ಬಟ್ಟೆಗೆ ಎರಡು ಸಲ ಒರೆಸಿಕೊಂಡು, ಅಂಚಿನಲ್ಲಿ ಹಿಡಿದು ನೋಡಿದಳು. "ಮೆದಾಸೆ" ಅಂದಳು, ಟ್ವಿಯಲ್ಲಿ ಥ್ಯಾಂಕ್ಸ್ ಅಂತ. ಆ ಹುಡುಗ ಎಲ್ಲಿ ಅಂತ ಕೇಳಿದೆ. ಇಲ್ಲಿ ಕೆಲಸ ಮುಗೀತು, ಬೇರೆ ತೋಟಕ್ಕೆ ಹೋದ ಅಂತ ರಸ್ತೆ ಕಡೆ ಕೈ ತೋರಿಸಿದಳು.

ರಾತ್ರಿ ಮೊದಲನೆಯ ಫೋಟೋ ದೊಡ್ಡದು ಮಾಡಿ ನೋಡಿದೆ. ಬಲಗಡೆ ಅಂಚಿನಲ್ಲಿ, ಮರದ ಹಿಂದೆ, ಬೆರಳಗಲದಷ್ಟು ಹಸಿರು ಅಂಗಿ ಬಿದ್ದಿದೆ. ಅವನ ಚಿತ್ರ ಅಂತ ನನ್ನ ಹತ್ತಿರ ಇರುವುದು ಅಷ್ಟೇ.

ಆಫೀಸಿನವರಿಗೆ ಆ ಫೋಟೋನೇ ಇಷ್ಟವಾಗಿದೆ. ಬಲಗಡೆ ಸ್ವಲ್ಪ ಕತ್ತರಿಸಿ ಕಳಿಸಿ ಅಂದಿದ್ದಾರೆ. ನಾನಿನ್ನೂ ಕಳಿಸಿಲ್ಲ.