ಬಾಗಿಲು ತಗ್ಗಿರಲಿಲ್ಲ, ರಸ್ತೆ ಎತ್ತರವಾಗಿತ್ತು

ನಮ್ಮೂರು ಚಿಂತಾಮಣಿ ಕಡೆ. ಊರೊಳಗಿನ ಈಶ್ವರನ ಗುಡಿ ಪೂರ್ತಿ ಕಲ್ಲಿನದು. ಮುಂಬಾಗಿಲು ದಾಟಬೇಕಾದರೆ ಎಲ್ಲರೂ ತಲೆ ಬಗ್ಗಿಸಲೇಬೇಕಿತ್ತು. ದೇವರೆದುರು ತಲೆ ತಗ್ಗಲಿ ಅಂತ ಹಿರಿಯರು ಬೇಕಂತಲೇ ಹಾಗೆ ಕಟ್ಟಿದ್ದಾರೆ ಅನ್ನೋದು ಊರಿನ ಮಾತು.

ಹೋದ ಬೇಸಿಗೆಯಲ್ಲಿ ಜೀರ್ಣೋದ್ಧಾರಕ್ಕೆ ಕೈ ಹಾಕಿದೆವು. ಗೋಡೆ, ಬಾಗಿಲವಾಡ ಎಲ್ಲದಕ್ಕೂ ಪದರದ ಮೇಲೆ ಪದರ ಎನಾಮೆಲ್ ಪೇಂಟ್ ಬಳಿದಿದ್ದರು. ಕಾಂಟ್ರಾಕ್ಟರ್ ಒಬ್ಬರು ಬಂದು, ಮಷೀನ್‌ನಲ್ಲಿ ಮರಳು ಹೊಡೆದರೆ ಎರಡೇ ದಿನಕ್ಕೆ ಕಲ್ಲು ಹೊಸದಾಗುತ್ತೆ ಅಂದರು. ಕಮಿಟಿಯವರು ಒಪ್ಪುವ ಹಾಗಿದ್ದರು. ಗಾರೆ ಕೆಲಸ ಬಲ್ಲ ಹಿರಿಯ ಮೇಸ್ತ್ರಿ ಮಾತ್ರ ಸುತರಾಂ ಒಪ್ಪಲಿಲ್ಲ. "ಬಣ್ಣದ ಜೊತೆ ಕಲ್ಲಿನ ಚರ್ಮವೂ ಹೋಗುತ್ತೆ ಕಣಪ್ಪಾ, ಆಮೇಲೆ ಅದನ್ನ ಯಾರು ತಂದುಕೊಡ್ತಾರೆ?" ಅಂದರು. ಅವರು ಹೇಳಿದ್ದು ನಿಜ. ಜೋರಾಗಿ ಬಂದು ಬಡಿಯುವ ಮರಳು ಕೆತ್ತನೆಯ ಅಂಚು, ಶಾಸನದ ಅಕ್ಷರ ಎಲ್ಲವನ್ನೂ ಸವೆಸುತ್ತೆ, ಮೈ ತರಿತರಿಯಾಗಿ ಧೂಳು, ಪಾಚಿ ಜಾಸ್ತಿ ಹಿಡಿಯುತ್ತೆ. ಎಷ್ಟೋ ಹಳೆ ಗುಡಿಗಳು ಇದರಿಂದಲೇ ಕೆಟ್ಟಿವೆ. ಕಮಿಟಿಯವರನ್ನು ನಂದಿಯ ಭೋಗನಂದೀಶ್ವರಕ್ಕೆ ಕರೆದುಕೊಂಡು ಹೋಗಿ, ಬಣ್ಣವಿಲ್ಲದ ಕಲ್ಲು ಎಷ್ಟು ಲಕ್ಷಣವಾಗಿರುತ್ತೆ ಅಂತ ತೋರಿಸಿದ ಮೇಲೆ ಮಷೀನ್ ಮಾತು ನಿಂತಿತು.

ಪೇಂಟ್ ರಿಮೂವರ್ ಹಚ್ಚಿ, ಬಣ್ಣ ಉಬ್ಬಿ ಬಂದ ಮೇಲೆ ಮರದ ಚಕ್ಕೆಯಿಂದ ಎಬ್ಬಿಸಿ, ನಾರಿನ ಬ್ರಷ್‌ನಲ್ಲಿ ಉಜ್ಜಿ, ನೀರು ಬಿಟ್ಟು ತೊಳೆಯೋದು. ತಂತಿ ಬ್ರಷ್ ಮುಟ್ಟೋ ಹಾಗಿಲ್ಲ, ಅದು ಗೀರೂ ಹಾಕುತ್ತೆ, ಉಳಿದ ಕಬ್ಬಿಣದ ಚೂರು ತುಕ್ಕು ಹಿಡಿದು ಕಲೆಯೂ ಆಗುತ್ತೆ. ಒಂದು ಗೇಣು ಜಾಗಕ್ಕೆ ಅರ್ಧ ದಿನ ಹಿಡಿಯುತ್ತಿತ್ತು. ಆದರೆ ಬಾಗಿಲವಾಡದ ಬಳ್ಳಿಯಲ್ಲಿ ಒಂದೊಂದೇ ಎಲೆಯ ನರ ಕಾಣತೊಡಗಿದಾಗ ಸುಮ್ನೆ ನೋಡೋಕೆ ಬಂದವರೂ ಬ್ರಷ್ ಹಿಡಿದು ಕೂತರು.

ಸಂದುಗಳಿಗೆ ಮೆತ್ತಿದ್ದ ಸಿಮೆಂಟನ್ನು ಉಳಿಯಿಂದ ಮೆಲ್ಲಗೆ ತೆಗೆದೆವು. ನಮ್ಮ ಕಡೆಯ ಕಲ್ಲು ನೀರು ಕುಡಿಯೋದು ಕಡಿಮೆ, ನೀರೆಲ್ಲ ಸಂದಿನಲ್ಲೇ ಓಡಾಡಬೇಕು. ಸಿಮೆಂಟು ಬಿರುಕು ಬಿಟ್ಟು ನೀರನ್ನು ಒಳಗೆ ಬಿಡುತ್ತೆ, ಹೊರಗೆ ಹೋಗೋಕೆ ಮಾತ್ರ ಬಿಡಲ್ಲ. ಅಲ್ಲೇ ಅರಳಿ ಗಿಡ ಬೇರು ಬಿಡೋದು. ಸುಣ್ಣದ ಗಾರೆ ಹಾಗಲ್ಲ, ತೇವವನ್ನು ಹೊರಗೆ ಬಿಡುತ್ತೆ, ಕೂದಲೆಳೆಯಂಥ ಬಿರುಕು ಬಿದ್ದರೆ ಸುಣ್ಣವೇ ಕರಗಿ ಹೋಗಿ ಅದನ್ನು ತುಂಬುತ್ತೆ. ಮೇಸ್ತ್ರಿ ಸುಣ್ಣ ಅರಳಿಸಿ, ಮರಳು ಕೂಡಿಸಿ, ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರು ಬಿಟ್ಟು ಅರೆಸಿದರು. ಗಾಳಿ ಕುಡಿದೇ ಗಟ್ಟಿಯಾಗಬೇಕಾದ್ದರಿಂದ ಅವಸರ ನಡೆಯಲ್ಲ, ಬಿಸಿಲಿಗೆ ಬೇಗ ಒಣಗದ ಹಾಗೆ ಒದ್ದೆ ಗೋಣಿಚೀಲ ಹೊದಿಸಿಟ್ಟೆವು.

ಬಾಗಿಲ ಮುಂದಿನ ಟೈಲ್ಸ್ ಕಿತ್ತ ದಿನವನ್ನು ನಾನು ಮರೆಯಲ್ಲ. ಟೈಲ್ಸ್ ಕೆಳಗೆ ಕಾಂಕ್ರೀಟ್, ಅದರ ಕೆಳಗೆ ತುಂಬಿಸಿದ ಮಣ್ಣು. ಮಣ್ಣಿನ ಕೆಳಗೆ ಎರಡು ಮೆಟ್ಟಿಲು, ಅದರ ಬುಡದಲ್ಲಿ ಒಂದು ಚಪ್ಪಡಿ. ಚಪ್ಪಡಿಯ ಮೇಲೆ ಉದ್ದಕ್ಕೆ ಅಡ್ಡಬಿದ್ದ ಒಬ್ಬ ಭಕ್ತ! ತಲೆಯ ಮುಂದೆ ಚಾಚಿ ಜೋಡಿಸಿದ ಕೈ, ಸೊಂಟದ ಪಟ್ಟಿ, ಕಾಲ ಬುಡದವರೆಗೂ ಗೆರೆ ಸ್ಪಷ್ಟ. ಬೆನ್ನಿನ ಭಾಗ ಮಾತ್ರ ಜನರ ಕಾಲು ಬಿದ್ದು ನುಣುಪಾಗಿತ್ತು. ಪೂಜೆ ಮಾಡುವ ಅಜ್ಜಿ ಒಂದು ಚೆಂಬು ನೀರು ತಂದು ತಾವೇ ತೊಳೆದರು. "ಇಷ್ಟು ದಿನ ಉಸಿರು ಕಟ್ಟಿತ್ತೇನೋ ಇವನಿಗೆ" ಅಂದರು.

ಸಂಗತಿ ಇಷ್ಟೇ. ಪ್ರತಿ ಸಲ ಟಾರ್ ಹಾಕಿದಾಗ ರಸ್ತೆ ಮೇಲೇರಿದೆ, ಮಳೆ ನೀರು ಗುಡಿಗೆ ನುಗ್ಗಿದೆ, ಅದನ್ನು ತಡೆಯೋಕೆ ಊರವರು ಬಾಗಿಲ ಮುಂದೆ ಮಣ್ಣು ತುಂಬಿಸಿದ್ದಾರೆ. ಈಗ ಯಾರೂ ಬಗ್ಗಬೇಕಿಲ್ಲ, ನೇರ ನಡೆದು ಒಳಗೆ ಹೋಗಬಹುದು.

ಆದರೆ ಅಂಗಳ ಮತ್ತೆ ರಸ್ತೆಗಿಂತ ತಗ್ಗಾಯಿತು, ಅಲ್ವಾ? ಅದಕ್ಕೇ ಸುತ್ತ ಕಲ್ಲಿನ ಚರಂಡಿ ತೋಡಿ ನೀರನ್ನು ಕೆರೆ ಕಾಲುವೆಗೆ ತಿರುಗಿಸಿದ್ದೇವೆ. ಮುಂದೆ ಟಾರ್ ಹಾಕುವಾಗ ಹಳೆಯದನ್ನು ಕೆರೆದು ಹಾಕಿ, ಅದರ ಮೇಲೇ ಹಾಕಬೇಡಿ ಅಂತ ಊರಿನವರೆಲ್ಲ ಸಹಿ ಮಾಡಿ ಅರ್ಜಿ ಕೊಟ್ಟಿದ್ದೇವೆ. ನಿಮ್ಮೂರ ಹಳೆ ಗುಡಿಯ ಮುಂದೆಯೂ ಹೀಗೇ ಆಗಿದ್ದರೆ ಟೈಲ್ಸ್ ಹಾಕೋಕೆ ಮುಂಚೆ ಒಮ್ಮೆ ಅಗೆದು ನೋಡಿಸಿ. ಪುರಾತತ್ವ ಇಲಾಖೆಗೆ ಸೇರಿದ ಗುಡಿಯಾದರೆ ಅವರ ಅನುಮತಿ ಇಲ್ಲದೆ ಹಾರೆ ಹಾಕಬೇಡಿ.