4 ನಿಮಿಷದ ಬ್ಯಾಕಪ್, 70 ನಿಮಿಷದ ರೀಸ್ಟೋರ್

ಶನಿವಾರ

ಹಿತ್ತಲಿನ ಮಳೆಮಾಪಕ, ತಾಪಮಾನದ ಸೆನ್ಸರುಗಳು ಇಷ್ಟು ವರ್ಷ ಕಳಿಸಿದ ಲೆಕ್ಕ 6 ಕೋಟಿ ಸಾಲು ದಾಟಿದೆ. ಅಷ್ಟೂ ಒಂದು ಹಳೇ ಡೆಸ್ಕ್‌ಟಾಪಿನ ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿದೆ. ದಿನಾ ರಾತ್ರಿ ಬ್ಯಾಕಪ್ 4 ನಿಮಿಷಕ್ಕೆ ಮುಗಿಯುತ್ತೆ, ನಾನೂ ನೆಮ್ಮದಿಯಾಗಿ ಮಲಗುತ್ತಿದ್ದೆ. ಇವತ್ತು ಮೊದಲ ಸಲ ಆ ಬ್ಯಾಕಪ್ಪನ್ನು ಇನ್ನೊಂದು ಯಂತ್ರಕ್ಕೆ ರೀಸ್ಟೋರ್ ಮಾಡೋಣ, ಅಂದರೆ ಡೇಟಾ ಮರಳಿ ತುಂಬೋಣ ಅಂತ ಕೂತೆ. ಊಟ ಮಾಡಿ ಬಂದೆ, ಮುಗಿದಿರಲಿಲ್ಲ. ಒಟ್ಟು 70 ನಿಮಿಷ.

ಮೊದಲು ಬೈದದ್ದು ನೆಟ್‌ವರ್ಕನ್ನು. ಪಾಪ, ಅದರದೇನೂ ತಪ್ಪಿಲ್ಲ: ವೇಗ ಅಳೆಯುವ ಐಪರ್ಫ್ ಎರಡೂ ದಿಕ್ಕಿಗೆ ಸೆಕೆಂಡಿಗೆ 940 ಮೆಗಾಬಿಟ್ ತೋರಿಸಿತು. ಗಿಗಾಬಿಟ್ ಕೇಬಲ್ಲಿನಿಂದ ಇದಕ್ಕಿಂತ ಹೆಚ್ಚು ಕೇಳುವ ಹಾಗಿಲ್ಲ.

ಭಾನುವಾರ

ರೀಸ್ಟೋರ್ ಮತ್ತೆ ಶುರುಮಾಡಿ, ಡೇಟಾಬೇಸ್ ಈಗ ಏನು ಮಾಡುತ್ತಿದೆ ಅಂತ ತೋರಿಸುವ ಪಿಜಿ_ಸ್ಟ್ಯಾಟ್_ಆ್ಯಕ್ಟಿವಿಟಿಯನ್ನು ಪಕ್ಕದ ಟರ್ಮಿನಲ್ಲಿನಲ್ಲಿ ನೋಡುತ್ತಾ ಕೂತೆ. 18 ನಿಮಿಷ 'ಕಾಪಿ' ಅಂತಿತ್ತು, ಅಂದರೆ ಸಾಲುಗಳನ್ನು ತುಂಬುತ್ತಿತ್ತು. ಆಮೇಲೆ 'ಕ್ರಿಯೇಟ್ ಇಂಡೆಕ್ಸ್' ಬಂತು, ಬೇಗ ಹುಡುಕಲು ಬೇಕಾದ ಸೂಚಿ ಕಟ್ಟುವ ಕೆಲಸ. ಮತ್ತೆ ಅದೇ, ಮತ್ತೆ ಅದೇ, ಒಂದಾದ ಮೇಲೊಂದರಂತೆ 7 ಸಲ. ಡಂಪ್ ಫೈಲಿನೊಳಗೆ, ಅಂದರೆ ಬ್ಯಾಕಪ್ಪಿನೊಳಗೆ, ಇಂಡೆಕ್ಸ್ ಇರುವುದೇ ಇಲ್ಲ, 'ಕಟ್ಟು' ಅನ್ನುವ ಒಂದು ಸಾಲಿನ ಆಜ್ಞೆ ಮಾತ್ರ. ಬ್ಯಾಕಪ್ ಬರೆದಿಟ್ಟದ್ದು ಒಂದು ಸಾಲು, ರೀಸ್ಟೋರ್ ಮಾಡಬೇಕಾದ್ದು 6 ಕೋಟಿ ಸಾಲನ್ನು ಜೋಡಿಸುವ ಕೆಲಸ. ಅದೂ 64 ಎಂಬಿ ಮೆಮೊರಿಯಲ್ಲಿ! ಈ ಮಿತಿ ಹೇಳುವ ಸೆಟ್ಟಿಂಗ್ ಮೇಂಟೆನೆನ್ಸ್_ವರ್ಕ್_ಮೆಮ್‌ನ ಡೀಫಾಲ್ಟ್ ಅಷ್ಟೇ, ನಾನು ಮುಟ್ಟಿರಲಿಲ್ಲ. 1 ಜಿಬಿ ಮಾಡಿದೆ.

ನಾಲ್ಕು ಕೆಲಸ ಒಟ್ಟಿಗೆ ಓಡಿಸೋಣ ಅಂದರೆ, ನನ್ನ ಡಂಪ್ ಸಾದಾ ಎಸ್‌ಕ್ಯೂಎಲ್. ಹಾಗೆ ಒಟ್ಟಿಗೆ ಓಡಿಸಬಲ್ಲ ಪಿಜಿ_ರೀಸ್ಟೋರ್ ಅದನ್ನು ಮುಟ್ಟುವುದೂ ಇಲ್ಲ. ಅದು ಓದಬಲ್ಲ ಡೈರೆಕ್ಟರಿ ಫಾರ್ಮ್ಯಾಟಿನಲ್ಲಿ ಹೊಸದಾಗಿ ಡಂಪ್ ತೆಗೆದೆ. ಜೊತೆಗೆ, ಒಮ್ಮೆಯೂ ಬಳಕೆಯಾಗದ ಎರಡು ಇಂಡೆಕ್ಸ್ ಸಿಕ್ಕವು. ಯಾವುದೋ ಹುಮ್ಮಸ್ಸಿನಲ್ಲಿ ಹಾಕಿದ್ದೆ, ಕಿತ್ತೆ.

ಈಗ 41 ನಿಮಿಷ. ಇನ್ನೂ ಏನೋ ಇದೆ.

ಬುಧವಾರ

ತಪ್ಪು ಆ ಇನ್ನೊಂದು ಯಂತ್ರದ ಡಿಸ್ಕಿನದು. ಡಿಡಿ ಆಜ್ಞೆ ಹಾಕಿ ಬರೆಸಿದರೆ ಮೊದಲು ಸೆಕೆಂಡಿಗೆ 150 ಎಂಬಿ, ಸ್ವಲ್ಪ ಹೊತ್ತಿಗೆ 30ಕ್ಕೆ ಕುಸಿತ. ಮಾಡೆಲ್ ನಂಬರ್ ಹುಡುಕಿದೆ: ಎಸ್‌ಎಂಆರ್ ಬಗೆಯ ಹಾರ್ಡ್ ಡಿಸ್ಕ್. ಡಬ್ಬದ ಮೇಲೆ ಈ ಮಾತೇ ಇರಲಿಲ್ಲ. ಇದರಲ್ಲಿ ಡೇಟಾ ಬರೆಯುವ ಟ್ರ್ಯಾಕುಗಳು ಮಾಡಿನ ಹೆಂಚಿನ ಹಾಗೆ ಒಂದರ ಅಂಚಿನ ಮೇಲೊಂದು ಕೂತಿರುತ್ತವೆ. ಮಳೆಗಾಲಕ್ಕೆ ಮುಂಚೆ ಒಡೆದ ಹೆಂಚು ಬದಲಿಸಿದವರಿಗೆ ಗೊತ್ತು, ಒಂದನ್ನು ತೆಗೆಯಲು ಮೇಲಿನವನ್ನೆಲ್ಲ ಎತ್ತಬೇಕು. ಓದುವಾಗ ಈ ತಾಪತ್ರಯ ಇಲ್ಲ. ಹಾಗಾಗಿ ಅಲ್ಲಲ್ಲಿ ಬರೆಯುವ ತನಕ ಡಿಸ್ಕಿನ ಬಣ್ಣ ಬಯಲಾಗಿರಲಿಲ್ಲ.

ಡ್ರಾಯರಿನಲ್ಲಿದ್ದ ಹಳೇ ಎಸ್‌ಎಸ್‌ಡಿ ಸಿಕ್ಕಿಸಿದೆ. 11 ನಿಮಿಷ!

ಖುಷಿಯಲ್ಲಿ ಮಳೆಯ ಗ್ರಾಫ್ ತೆರೆದರೆ 9 ಸೆಕೆಂಡ್ ತಿರುಗುತ್ತಾ ನಿಂತಿತು. ರೀಸ್ಟೋರ್ ಆದಮೇಲೆ 'ಅನಲೈಝ್' ಓಡಿಸಲು ಮರೆತಿದ್ದೆ; ಅದು ಕಲೆಹಾಕುವ ಅಂಕಿಅಂಶ ನೋಡಿಯೇ ಡೇಟಾಬೇಸ್ ಹುಡುಕುವ ದಾರಿ ಆರಿಸುವುದು. ಓಡಿಸಿದೆ, ಸರಿಹೋಯಿತು. ಸ್ಕ್ರಿಪ್ಟಿಗೆ ಸೇರಿಸಬೇಕು. ಆಗಲೇ ಹನ್ನೆರಡೂವರೆ, ನಾಳೆ ನೋಡೋಣ.