ಸೊಪ್ಪು ಏರಿದ ದಿನ

ರಾಮನಾಥಪುರದ ಹತ್ತಿರ ನಮ್ಮ ದೊಡ್ಡಪ್ಪನದು ಹೊಗೆಸೊಪ್ಪಿನ ಹೊಲ. ಹಾಸನ ಜಿಲ್ಲೆ ಅಂದರೆ ಹೊರಗಿನವರಿಗೆ ನೆನಪಾಗುವುದು ಬೇಲೂರು, ಹಳೇಬೀಡು, ಸಕಲೇಶಪುರದ ಕಾಫಿ. ಅರಕಲಗೂಡಿನ ಕಡೆ ಮಳೆಗಾಲದಲ್ಲಿ ಬಂದು ನೋಡಿ, ಸಿಗರೇಟಿಗೆ ಹೋಗುವ ತಂಬಾಕು ಎದೆಮಟ್ಟ ನಿಂತಿರುತ್ತದೆ. ಅದರ ಹರಾಜೂ ರಾಮನಾಥಪುರದಲ್ಲೇ ನಡೆಯುತ್ತದೆ.

ಆ ವರ್ಷ ಆಗಸ್ಟ್‌ನಲ್ಲಿ ಕೂಲಿಯವರು ಸಿಗಲಿಲ್ಲ. ಹಾಸನದ ಮೆಡಿಕಲ್ ಶಾಪ್‌ನಲ್ಲಿ ಕೆಲಸ ಮಾಡುವ ನನ್ನನ್ನೂ ಸೊಪ್ಪು ಮುರಿಯಲು ಕರೆಸಿಕೊಂಡರು. ರಾತ್ರಿಯೆಲ್ಲ ಸೋನೆ ಹಿಡಿದಿತ್ತು, ಎಲೆಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಬುಡದ ಎಲೆ ಮುರಿದು ಕಂಕುಳಲ್ಲಿ ಇಟ್ಟುಕೊಳ್ಳುತ್ತಾ ಸಾಲಿನಲ್ಲಿ ಮುಂದೆ ಹೋಗಬೇಕು. ಅಂಗಿ ತೋಯ್ದು ಮೈಗೆ ಅಂಟಿತು. ಕೈಗೆಲ್ಲ ಕಪ್ಪು ಅಂಟು.

ಮಧ್ಯಾಹ್ನದ ಹೊತ್ತಿಗೆ ಬಾಯಲ್ಲಿ ನೀರೂರಿ ತಲೆ ಗಿರ್ರೆಂದಿತು. ತಿಂದ ರೊಟ್ಟಿ ಬದುವಿನ ಮೇಲೆ ಹೊರಬಂತು.

'ಸೊಪ್ಪು ಏರೈತೆ ಕಣ್ ಮಗಾ. ಮೊದ್ಲು ಅಂಗಿ ಬಿಚ್ಚು' ಎಂದರು ದೊಡ್ಡಮ್ಮ. ಸೋಪು ಕೊಟ್ಟು ಮೈ ತೊಳೆಸಿ, ಒಣಬಟ್ಟೆ ಹಾಕಿಸಿ ಜಗಲಿಯ ಮೇಲೆ ಮಲಗಿಸಿದರು. ಯಾವ ಡಾಕ್ಟರ್ ಆದರೂ ಮೊದಲು ಹೇಳುವುದು ಇದನ್ನೇ. ಅಮೆರಿಕದ ಫ್ಲೋರಿಡಾದ ವೈದ್ಯರು 1970ರಲ್ಲಿ ತಂಬಾಕು ಕೀಳುವವರ ಈ ಕಾಯಿಲೆಯ ಬಗ್ಗೆ ಬರೆದಿದ್ದಾರೆ. ನಮ್ಮ ದೊಡ್ಡಮ್ಮ ಅದನ್ನೇನು ಓದಿದವರಲ್ಲ.

ನಾನು ಎಲೆ ತಿಂದಿರಲಿಲ್ಲ, ಹೊಗೆ ಎಳೆದಿರಲಿಲ್ಲ. ನಿಕೋಟಿನ್ ಚರ್ಮದ ಮೂಲಕವೇ ರಕ್ತಕ್ಕೆ ಇಳಿದಿತ್ತು. ಸಿಗರೇಟು ಬಿಡುವವರಿಗೆ ಅಂಗಡಿಯಲ್ಲಿ ಮಾರುವ, ಮೈಗೆ ಅಂಟಿಸಿಕೊಳ್ಳುವ 21 ಮಿಲಿಗ್ರಾಂ ನಿಕೋಟಿನ್ ಪಟ್ಟಿಯ (ಪ್ಯಾಚ್) ಕೆಲಸವೂ ಇದೇ, ಆದರೆ ಅಳತೆಯಲ್ಲಿ, ದಿನವಿಡೀ ನಿಧಾನವಾಗಿ. ಹೊಲದಲ್ಲಿ ಅಳತೆ ಯಾರಿಟ್ಟಾರು? ಒದ್ದೆ ಅಂಗಿಯೇ ಪಟ್ಟಿಯಾಗಿತ್ತು.

ಚರ್ಮವನ್ನು ಅದು ದಾಟಿದ್ದು ಹೇಗೆ? ಜೀವಕೋಶದ ಪೊರೆಯ ನಡುಭಾಗ ಕೊಬ್ಬಿನದು. ನೀರನ್ನಷ್ಟೇ ಇಷ್ಟಪಡುವ ಅಣುವಿಗೆ ಅಲ್ಲಿ ದಾರಿಯಿಲ್ಲ. ಗ್ಲೂಕೋಸ್ ಅಣುವಿನ ತೂಕ 180, ನಿಕೋಟಿನ್‌ದು 162. ಹೆಚ್ಚುಕಮ್ಮಿ ಒಂದೇ ಗಾತ್ರ ಅಲ್ವಾ? ಆದರೆ ಗ್ಲೂಕೋಸ್ ದಾಟಬೇಕಾದರೆ ಪೊರೆಯಲ್ಲಿ ಅದಕ್ಕೆಂದೇ ಇರುವ ಪ್ರೋಟೀನ್ ಕೈಹಿಡಿದು ದಾಟಿಸಬೇಕು. ನಿಕೋಟಿನ್ ನೀರಿನಲ್ಲೂ ಕರಗುತ್ತದೆ, ಕೊಬ್ಬಿನಲ್ಲೂ ಕರಗುತ್ತದೆ. ಮಳೆನೀರಿನಲ್ಲಿ ಎಲೆಯಿಂದ ಇಳಿದು, ಚರ್ಮದ ಕೊಬ್ಬಿನಲ್ಲಿ ನುಸುಳಿ, ಜಾಸ್ತಿ ಇರುವ ಕಡೆಯಿಂದ ಕಡಿಮೆ ಇರುವ ಕಡೆಗೆ ತಾನೇ ಹೋಗುತ್ತದೆ. ಬಂದದ್ದನ್ನು ರಕ್ತ ಹೊತ್ತೊಯ್ಯುತ್ತಲೇ ಇರುವುದರಿಂದ ಎರಡೂ ಕಡೆ ಸಮ ಆಗುವುದೇ ಇಲ್ಲ. ಬಿಸಿಲಿಗೆ, ದುಡಿಮೆಗೆ ಮೈ ಕಾದರೆ ಚರ್ಮಕ್ಕೆ ರಕ್ತ ಜಾಸ್ತಿ ಬರುತ್ತದೆ, ಆಗ ಇನ್ನೂ ಬೇಗ. ನುಂಗಿದ ನಿಕೋಟಿನ್ ಮೊದಲು ಲಿವರ್‌ಗೆ ಹೋಗಿ ಬಹುಪಾಲು ಅಲ್ಲೇ ಹಾಳಾಗುತ್ತದೆ. ಚರ್ಮದಿಂದ ಬಂದದ್ದಕ್ಕೆ ಆ ತಪಾಸಣೆಯೂ ಇಲ್ಲ.

ಸಂಜೆ ದೊಡ್ಡಮ್ಮ ಎಲೆ ಅಡಿಕೆಗೆ ಕೂತರು. ತಂಬಾಕಿನ ಕಡ್ಡಿಪುಡಿ ಜೊತೆ ಬೆರಳ ತುದಿಯಲ್ಲಿ ಸುಣ್ಣ. ಸುಣ್ಣ ಯಾಕೆ ಎಂದು ಸುಮ್ನೆ ಕೇಳಿದೆ. 'ಸುಣ್ಣ ಇಲ್ದಿದ್ರೆ ಸಪ್ಪೆ, ಏನೂ ಏರಕಿಲ್ಲ' ಎಂದರು. ನಿಜವೇ. ಹುಳಿಯಲ್ಲಿ ನಿಕೋಟಿನ್ ಚಾರ್ಜ್ ಕಟ್ಟಿಕೊಳ್ಳುತ್ತದೆ, ಚಾರ್ಜ್ ಇದ್ದರೆ ಕೊಬ್ಬಿನ ಪದರ ಸೇರಿಸುವುದಿಲ್ಲ. ಸುಣ್ಣದ ಕ್ಷಾರಕ್ಕೆ ಚಾರ್ಜ್ ಬಿಟ್ಟುಹೋಗಿ, ಕೆನ್ನೆಯ ಒಳಗಿನಿಂದಲೇ ಸಲೀಸಾಗಿ ರಕ್ತಕ್ಕೆ ಇಳಿಯುತ್ತದೆ. ಬಾಯಿ ಕ್ಯಾನ್ಸರ್ ತರುವ ಅಭ್ಯಾಸ, ಬಿಡಿ ಎಂದು ಹೇಳಿದೆ. ಕೇಳಿಸಿಕೊಳ್ಳದವರಂತೆ ಅಗಿದರು.

ಬೀಡಿ ಸೇದುವ ದೊಡ್ಡಪ್ಪ ನನ್ನ ಪಕ್ಕದ ಸಾಲಿನಲ್ಲೇ ನೆಂದಿದ್ದರು, ಅವರಿಗೇನೂ ಆಗಿರಲಿಲ್ಲ. ಮೈ ಅದಕ್ಕೆ ಒಗ್ಗಿಹೋಗಿದೆ. ಏರುವುದು ಹೆಚ್ಚಾಗಿ ಸೇದದವರಿಗೆ, ಹೊಸಬರಿಗೆ. ಇದು ಯಾವ ನ್ಯಾಯವೋ!

ಮರುದಿನ ದೊಡ್ಡಮ್ಮ ಗೊಬ್ಬರದ ಚೀಲದೊಳಗಿನ ಪ್ಲಾಸ್ಟಿಕ್ ಹರಿದು ಎದೆಗೆ ಸುತ್ತಿಕೊಟ್ಟರು. ಎಲೆಯ ಮೇಲಿನ ನೀರು ಆರಿದ ಮೇಲೆ ಮುರಿದರೆ ಆಗದೇ ಎಂದು ಕೇಳಿದ್ದಕ್ಕೆ ದೊಡ್ಡಪ್ಪ, 'ಸೊಪ್ಪು ಒಣಗ್ಸೋ ಬ್ಯಾರನ್ ಇವತ್ತೇ ತುಂಬ್ಬೇಕು, ಮಳೆ ಏನ್ ನಮ್ ಮಾತ್ ಕೇಳ್ತದಾ?' ಎನ್ನುತ್ತಾ ಮುಂದಿನ ಸಾಲಿಗೆ ಇಳಿದರು.